ಬೆಳ್ವೊಲದ ಹಸುಬೆ, ಕಡಲಾಚೆಯ ದ್ವೀಪ

(ಬಾನುಲಿ ಭಾಷಣ)

ಕಳೆದ ದೀಪಾವಳಿ ಮುಗಿದ ಕೆಲವೇ ದಿನಗಳಲ್ಲಿ ನವಲಗುಂದದ ಸಮೀಪದ ಒಂದು ಹಳ್ಳಿಗೆ ಹೋಗಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮನೆ. ಅವರ ಮಗನೂ ಅವನ ಮೂವರು ಗೆಳೆಯರೂ ಅಂದು ಅಂಡಮಾನಿಗೆ ಹೊರಟು ನಿಂತಿದ್ದರು. ಒಬ್ಬೊಬ್ಬರ ಬೆನ್ನಿಗೂ ಆಳೆತ್ತರದ ಚೀಲ. ಹಾಸಿಗೆ, ಬಟ್ಟೆ, ಅಡಿಗೆಯ ಒಲೆ, ಔಷಧ ಎಲ್ಲವೂ ಅದರೊಳಗೇ. ಒಬ್ಬನ ಕೈಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಅಂಡಮಾನಿನ ಪ್ರವಾಸಕಥನವೂ ಇತ್ತು. ಪಡಸಾಲೆಯಲ್ಲಿ ಕುಳಿತಿದ್ದ ಮನೆಯ ಆಯಿ ಇವರನ್ನು ಮೇಲಿಂದ ಕೆಳಗೆ ನೋಡಿ, "ಏನಪಾ ಇದು, ಎತ್ತಿನ ಮ್ಯಾಲ ಹೇರೂ ಹಸಿಬಿ ತಗದು ನಿಮ್ಮ ಬೆನ್ನಿಗೆ ಕಟಗೊಂಡೀರಲ್ಲ!" ಎಂದರು. ಹುಡುಗರು ನಕ್ಕರು. ನಾನೂ ನಕ್ಕೆ. ಆದರೆ ಆ ಮುದುಕಿಯ ಬಾಯಿಂದ ಬಂದ ಒಂದು ಶಬ್ದ ನನ್ನನ್ನು ಊರಿಗೆ ಮರಳುವ ದಾರಿಯುದ್ದಕ್ಕೂ ಕಾಡಿತು. ಇಂದಿನ ಈ ಮಾತುಗಳು ಆ ಶಬ್ದದ ಬೆನ್ನುಹತ್ತಿ ಹೋದುದರ ಫಲ.

ಹಸುಬೆ ಎಂದರೆ ಎರಡು ಬಾಯಿಯ ಉದ್ದನೆಯ ಚೀಲ. ಎತ್ತಿನ ಅಥವಾ ಕತ್ತೆಯ ಬೆನ್ನ ಮೇಲೆ ಅಡ್ಡಲಾಗಿ ಹಾಕಿದರೆ ಇತ್ತ ಒಂದು ಹೊಟ್ಟೆ, ಅತ್ತ ಒಂದು ಹೊಟ್ಟೆ ಇಳಿಬೀಳುತ್ತದೆ. ಮನುಷ್ಯನೇ ಹೊತ್ತರೆ ಒಂದು ಎದೆಯ ಮೇಲೆ, ಇನ್ನೊಂದು ಬೆನ್ನ ಮೇಲೆ. ನಮ್ಮ ಹಿರಿಯರ ಕಾಲದವರೆಗೂ ಸಂತೆಯಿಂದ ಸಂತೆಗೆ ತಿರುಗುವ ವ್ಯಾಪಾರಿಗಳ ಹೆಗಲ ಮೇಲೆ ಇದನ್ನು ಕಾಣಬಹುದಾಗಿತ್ತು. ಈ ಶಬ್ದದ ಹಳಗನ್ನಡ ರೂಪ ಪಸುಂಬೆ. ಪಕಾರ ಹಕಾರವಾದದ್ದು ಕನ್ನಡದ ಮಟ್ಟಿಗೆ ಸಹಜವೇ. ತಮಿಳಿನಲ್ಲಿ ಇದಕ್ಕೆ ಪಸುಂಬೈ ಎನ್ನುವರು. ತಮಿಳುನಾಡಿನಲ್ಲಿ ಮಧ್ಯಯುಗದ ವರ್ತಕರು ನೆಟ್ಟ ಶಾಸನದ ಕಲ್ಲುಗಳ ಮೇಲೆ ತಕ್ಕಡಿ, ಕತ್ತಿ, ನೇಗಿಲುಗಳ ಜೊತೆಗೆ ಈ ಚೀಲದ ಚಿತ್ರವನ್ನೂ ಬಿಡಿಸಿರುವುದುಂಟು. ಅರಸನಿಗೆ ಹಂದಿಯೋ ಹುಲಿಯೋ ಲಾಂಛನವಾದರೆ, ಇವರಿಗೆ ಹೆಗಲ ಚೀಲವೇ ಲಾಂಛನ.

ಕಡಲು ಕಾಣದ ನಾಡು ನಮ್ಮದು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿಯಲ್ಲಿ ನಿಂತು ನಾಲ್ಕೂ ದಿಕ್ಕು ನೋಡಿದರೂ ದಿಗಂತದವರೆಗೆ ಹೊಲವೇ. ಇದಕ್ಕೆ ಬೆಳ್ವೊಲವೆಂದು ಹಿಂದಿನವರು ಹೆಸರಿಟ್ಟರು. ಬೆಳ್ವೊಲ ಮುನ್ನೂರು ಎಂಬ ನಾಡಿಗೆ ಅಣ್ಣಿಗೇರಿ ರಾಜಧಾನಿಯೆನಿಸಿಕೊಂಡಿತ್ತು. ಪಂಪನ ತಾಯಿ ಅಬ್ಬಣಬ್ಬೆಯ ಮನೆತನವೂ ಈ ಊರಿನದೇ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿ. ಇಂಥ ನಾಡಿಗೂ ದ್ವೀಪಗಳಿಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳಬಹುದು. ಭೂಗೋಳವಾದರೂ ಸ್ವಲ್ಪ ಸಂಬಂಧವನ್ನು ಇಟ್ಟಿದೆ. ಮಳೆಗಾಲದಲ್ಲಿ ನವಲಗುಂದ ಸೀಮೆಯನ್ನು ಹೆದರಿಸುವ ಬೆಣ್ಣಿಹಳ್ಳ ಮಲಪ್ರಭೆಯನ್ನು ಸೇರುತ್ತದೆ. ಮಲಪ್ರಭೆ ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆ ಹೋಗಿ ಬೀಳುವುದು ಬಂಗಾಲದ ಕೊಲ್ಲಿಗೆ. ಅಂಡಮಾನ್ ಇರುವುದು ಆ ಕಡಲಿನಲ್ಲಿಯೇ. ಸುಮಾತ್ರಾ ಇರುವುದು ಅದರಾಚೆಯ ಅಂಚಿನಲ್ಲಿ.

ನಮ್ಮ ಸೀಮೆಯ ಕಲ್ಲುಗಳಲ್ಲಿ ದ್ವೀಪದ ಮಾತು ಇಲ್ಲವೇ ಇಲ್ಲವೆಂದಲ್ಲ. ಧಾರವಾಡದ ಮಗ್ಗುಲಿನ ನರೇಂದ್ರ ಗ್ರಾಮದಲ್ಲಿ 1125ರ ಸುಮಾರಿನ ಒಂದು ಶಾಸನವಿದೆ. ಗೋವೆಯ ಕದಂಬ ಅರಸ ಎರಡನೆಯ ಜಯಕೇಶಿ ಮತ್ತು ಅವನ ಪಟ್ಟದರಸಿ, ಚಾಲುಕ್ಯ ವಿಕ್ರಮಾದಿತ್ಯನ ಮಗಳು ಮೈಲಲದೇವಿಯ ಕಾಲದ್ದು. ಅದರಲ್ಲಿ ಜಯಕೇಶಿಯ ಪೂರ್ವಿಕನಾದ ಚಟ್ಟಯ್ಯದೇವನ ವರ್ಣನೆ ಬರುತ್ತದೆ. ಅವನು ಕವಡಿದ್ವೀಪವನ್ನು ಹಿಡಿದನಂತೆ. ಹಡಗುಗಳ ಸಾಲಿನಿಂದಲೇ ಲಂಕೆಯವರೆಗೆ ಸೇತುವೆ ಕಟ್ಟಿ ಕಪ್ಪ ಕೇಳಿದನಂತೆ. ಕವಿಗೆ ರಾಮಾಯಣ ನೆನಪಾಗಿದೆ, ಸೇತುವೆ ತಾನಾಗಿಯೇ ಬಂದಿದೆ. ಕದಂಬರ ಬಳಿ ಹಡಗುಗಳಿದ್ದುದು, ಗೋವೆಯ ಬಂದರಿನಿಂದ ಅವರಿಗೆ ಆದಾಯವಿದ್ದುದು ನಿಜ. ಲಂಕೆಯವರೆಗಿನ ಸೇತುವೆಯನ್ನು ಮಾತ್ರ ನಾವು ಕಾವ್ಯದ ಲೆಕ್ಕಕ್ಕೆ ಬರೆದುಕೊಳ್ಳಬೇಕು. ಅರಸರ ದಿಗ್ವಿಜಯದಲ್ಲಿ ದ್ವೀಪವೆಂಬುದು ಹೆಚ್ಚಾಗಿ ಒಂದು ಅಲಂಕಾರ. ಹೆಗಲಿಗೆ ಚೀಲ ಹಾಕಿಕೊಂಡು ನಿಜವಾಗಿ ನಡೆದವರು ಬೇರೆ.

ಅವರು ಅಯ್ಯಾವೊಳೆಯ ಐನೂರ್ವರು. ಅಯ್ಯಾವೊಳೆ ಎಂದರೆ ನಮ್ಮ ಐಹೊಳೆ. ಮೊದಲಿಗೆ ಈ ಐನೂರ್ವರೆಂದರೆ ಆ ಊರಿನ ಮಹಾಜನರ ಸಭೆಯಾಗಿದ್ದಿತು ಎಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಕ್ರಮೇಣ ಊರೂರು ತಿರುಗುವ ವರ್ತಕರ ಒಂದು ಮಹಾಸಂಘ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಹತ್ತನೆಯ ಶತಮಾನದಿಂದ ಹದಿಮೂರರವರೆಗೆ ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ಇವರ ಶಾಸನಗಳಿವೆ. ಸಂಖ್ಯೆ ಐನೂರೆಂದು ಹೇಳಿಕೊಂಡರೂ ಎಣಿಸಿ ಐನೂರು ಜನರಿದ್ದರೆಂದು ತಿಳಿಯಬಾರದು. ಅದೊಂದು ಬಿರುದು. ಶಿಕಾರಿಪುರದ ಕಡೆಯ ಹನ್ನೊಂದನೆಯ ಶತಮಾನದ ಪ್ರಸಿದ್ಧ ಶಾಸನವೊಂದು ಇವರನ್ನು ಹೊಗಳುವ ರೀತಿಯನ್ನು ಓದಿದರೆ ಚಕ್ರವರ್ತಿಗಳೂ ನಾಚಬೇಕು. ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ, ಪಾರಸಗಳನ್ನು ಹೇಳಿ, ಅಷ್ಟಕ್ಕೆ ತೃಪ್ತಿಯಾಗದೆ ಏಕಪಾದ, ಲಂಬಕರ್ಣ, ಸ್ತ್ರೀರಾಜ್ಯಗಳಿಗೂ ಇವರನ್ನು ಕಳಿಸುತ್ತದೆ. ನೆಲದ ದಾರಿ, ನೀರಿನ ದಾರಿ ಎರಡರಲ್ಲೂ ಹೊಕ್ಕವರು ಎನ್ನುತ್ತದೆ. ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿಗಳ ಪಟ್ಟಿಯೇ ಬರುತ್ತದೆ.

ಈ ವೈಭವದ ನಡುವೆ ಒಂದು ಸಣ್ಣ ಮಾತು ಸಿಕ್ಕಿಬಿದ್ದಿದೆ. ಇವರು ಸರಕನ್ನು ಸಗಟಾಗಿಯೂ ಮಾರುವರು, ಹೆಗಲ ಮೇಲೆ ಹೊತ್ತು ತಿರುಗಿಯೂ ಮಾರುವರು ಎಂದು. ನನಗೆ ಈ ಇಡೀ ಪ್ರಶಸ್ತಿಯಲ್ಲಿ ಪ್ರಿಯವಾದ ಮಾತು ಅದೊಂದೇ. ಲಂಬಕರ್ಣರ ದೇಶವನ್ನು ನಾನು ನಂಬಲಾರೆ. ಹೆಗಲನ್ನು ನಂಬುತ್ತೇನೆ.

ಈ ಶಾಸನಗಳು ತಂಡದಲ್ಲಿ ಯಾರು ಯಾರಿದ್ದರೆಂಬುದನ್ನೂ ಹೇಳುತ್ತವೆ. ಸೆಟ್ಟಿಗಳು, ಸೆಟ್ಟಿಗುತ್ತರು, ಗವರೆಗಳು, ಗಾತ್ರಿಗರು, ಗಂಡಿಗರು, ಅಂಕಕಾರರು, ಬೀರರು, ಬೀರವಣಿಗರು. ಇವರಲ್ಲಿ ಕೆಲವರು ಹಣ ಹೂಡುವವರು, ಕೆಲವರು ಸರಕು ಹೇರುವವರು, ಮತ್ತೆ ಕೆಲವರು ಕತ್ತಿ ಹಿಡಿದು ಕಾಯುವವರು. ಇಷ್ಟು ಜನ ಬೇರೆ ಬೇರೆ ಊರಿನವರು, ಬೇರೆ ಬೇರೆ ದೇವರಿಗೆ ನಡೆದುಕೊಳ್ಳುವವರು, ಒಂದು ದಾರಿಯಲ್ಲಿ ತಿಂಗಳುಗಟ್ಟಲೆ ಒಟ್ಟಿಗೆ ನಡೆಯಬೇಕಾದರೆ ಅವರನ್ನು ಹಿಡಿದಿಟ್ಟ ಬಂಧ ಯಾವುದು? ಅದಕ್ಕೆ ಅವರಿಟ್ಟ ಹೆಸರು ಸಮಯ. ಇಂದು ಸಮಯವೆಂದರೆ ಗಡಿಯಾರ ನೋಡುತ್ತೇವೆ. ಅಂದು ಸಮಯವೆಂದರೆ ಒಪ್ಪಂದ, ಕೊಟ್ಟ ಮಾತು, ಆ ಮಾತಿಗೆ ಬದ್ಧರಾದವರ ಕೂಟ. ಅದನ್ನು ಬಣಂಜುಧರ್ಮವೆಂದೂ ಕರೆದರು. ಅಡವಿಯಲ್ಲಿ ಕಳ್ಳರು ಬಿದ್ದರೆ ಜೊತೆಗಾರನನ್ನು ಬಿಟ್ಟು ಓಡಕೂಡದು. ಪರಸ್ಥಳದ ಸುಂಕದ ಕಟ್ಟೆಯಲ್ಲಿ ಒಬ್ಬನಿಗಾದ ಅನ್ಯಾಯ ಎಲ್ಲರಿಗಾದಂತೆ. ಹೀಗೆ ಬಿಡಿಬಿಡಿಯಾಗಿ ದುರ್ಬಲರಾದವರು ಕೂಡಿಕೊಂಡು ಅರಸರೊಡನೆ ಕರಾರು ಮಾಡುವಷ್ಟು ಬಲಿತರು. ಇದನ್ನು ನಾವು ಸುಮ್ಮನೆ ಸ್ನೇಹವೆಂದು ಕರೆದರೆ ಅತಿ ಮಧುರವಾದೀತು, ಬರೀ ವ್ಯವಹಾರವೆಂದರೆ ಅವರಿಗೆ ಅನ್ಯಾಯವಾದೀತು. ದಾರಿಯಲ್ಲಿ ಹುಟ್ಟುವ ಗೆಳೆತನದಲ್ಲಿ ಎರಡೂ ಬೆರೆತಿರುತ್ತವೆ.

ಬೆಳ್ವೊಲದಲ್ಲಿಯೂ ಅದರ ಸುತ್ತಲೂ ಇವರ ನೆಲೆಗಳಿದ್ದವು. ಅತ್ತಿಮಬ್ಬೆ 1007ರಲ್ಲಿ ಬಸದಿ ಕಟ್ಟಿಸಿದ ಲೊಕ್ಕಿಗುಂಡಿ, ಎಂದರೆ ಇಂದಿನ ಲಕ್ಕುಂಡಿ, ನಾಣ್ಯದ ಟಂಕಸಾಲೆಗೆ ಹೆಸರಾದ ಊರು. ಲೊಕ್ಕಿ ಗದ್ಯಾಣ ಚಾಲುಕ್ಯರ ಕಾಲದಲ್ಲಿ ದೂರದೂರಕ್ಕೆ ಸಲ್ಲುತ್ತಿತ್ತು. ಎರೆನಾಡಿನ ದವಸಧಾನ್ಯ, ಅರಳೆ, ಎಣ್ಣೆಗಳು ಇಲ್ಲಿಂದ ಹೊರಡಬೇಕಾದರೆ ಸುಗ್ಗಿ ಮುಗಿದು ದಾರಿ ಒಣಗಬೇಕು. ಮಳೆ ಬಿದ್ದ ಎರೆಯಲ್ಲಿ ಚಕ್ಕಡಿಯೂ ಹೂಳುತ್ತದೆ, ಎತ್ತೂ ಹೂಳುತ್ತದೆ, ಹೆಜ್ಜೆ ಎತ್ತಿದರೆ ಕಾಲಿಗೆ ಮಣಮಣ ಮಣ್ಣು. ಪಶ್ಚಿಮಕ್ಕೆ ಕಲಘಟಗಿಯ ಕಡೆಯ ಸೆರಗುಮಲೆನಾಡನ್ನು ದಾಟಿದರೆ ಗೋವೆಯ ಬಂದರು. ಪೂರ್ವಕ್ಕೋ, ತಿಂಗಳುಗಟ್ಟಲೆ ನಡಿಗೆ.

ಈ ಸೆಟ್ಟಿಗಳ ಅಂತರಂಗವನ್ನು ತೆರೆದು ತೋರಿಸುವ ಒಂದು ಕಲ್ಲು ಡಂಬಳದಲ್ಲಿದೆ. ಈಗ ಗದಗ ಜಿಲ್ಲೆಗೆ ಸೇರಿದ್ದರೂ 1997ರವರೆಗೆ ಅದು ನಮ್ಮ ಧಾರವಾಡ ಜಿಲ್ಲೆಯ ಊರೇ. ಆಗಿನ ಹೆಸರು ಧರ್ಮವೊಳಲು. 1095ರ ಆ ಶಾಸನದ ಪ್ರಕಾರ ಅಲ್ಲಿಯ ಹದಿನಾರು ಮಂದಿ ಸೆಟ್ಟಿಗಳು ಕೂಡಿ ಒಂದು ಬೌದ್ಧ ವಿಹಾರ ಕಟ್ಟಿಸಿದರು. ಲೊಕ್ಕಿಗುಂಡಿಯ ವಡ್ಡವ್ಯವಹಾರಿ ಸಂಗವಯ್ಯ ಸೆಟ್ಟಿ ಇನ್ನೊಂದು ವಿಹಾರ ಕಟ್ಟಿಸಿದನು. ಅಲ್ಲಿ ಪೂಜೆಗೊಂಡವಳು ಆರ್ಯತಾರಾದೇವಿ. ಶೈವ, ಜೈನ ಧರ್ಮಗಳು ತುಂಬಿ ತುಳುಕುತ್ತಿದ್ದ ಕಾಲದಲ್ಲಿ, ಕರ್ನಾಟಕದಲ್ಲಿ ಬೌದ್ಧಧರ್ಮ ಬಹುಮಟ್ಟಿಗೆ ಮರೆಯಾಗಿದ್ದ ಹೊತ್ತಿನಲ್ಲಿ, ಎರೆನಾಡಿನ ವರ್ತಕರಿಗೆ ಈ ದೇವಿ ಏಕೆ ಬೇಕಾದಳು? ಉತ್ತರ ಶಾಸನದ ಸ್ತುತಿಯಲ್ಲಿಯೇ ಇದೆ. ಸಿಂಹ, ಆನೆ, ಬೆಂಕಿ, ಹಾವು, ಕಳ್ಳ, ಸೆರೆಯ ಸಂಕೋಲೆ, ಕಡಲ ನೀರು, ಪಿಶಾಚಿ ಎಂಬ ಎಂಟು ಭಯಗಳನ್ನು ಕಳೆಯುವವಳೆಂದು ಅವಳನ್ನು ಕರೆದಿದ್ದಾರೆ. ತಾರಾ ಎಂದರೆ ದಾಟಿಸುವವಳು. ಈ ಎಂಟನ್ನು ಒಮ್ಮೆ ಬಾಯಿಬಿಟ್ಟು ಓದಿ ನೋಡಿ. ಮನೆಯಲ್ಲಿ ಕುಳಿತವನಿಗೆ ಈ ಭಯಗಳಿಲ್ಲ. ಇವು ದಾರಿ ಹಿಡಿದವನ ಭಯಗಳು. ಅಡವಿಯಲ್ಲಿ ರಾತ್ರಿ ಬೆಂಕಿ ಹಾಕಿಕೊಂಡು ಒಬ್ಬರ ಬೆನ್ನಿಗೆ ಒಬ್ಬರು ಬೆನ್ನು ಕೊಟ್ಟು ಕುಳಿತವರು, ಪರದೇಶದಲ್ಲಿ ಅಧಿಕಾರಿಯ ಕೈಗೆ ಸಿಕ್ಕು ಸೆರೆಬಿದ್ದವರು, ಹಡಗು ಒಡೆಯುವುದನ್ನು ಕಂಡೋ ಕೇಳಿಯೋ ನಡುಗಿದವರು ಈ ಸ್ತುತಿಯ ಹಿಂದೆ ಇದ್ದಾರೆ. ಸಮುದ್ರ ಬಹುದೂರವಿರುವ ಡಂಬಳದ ಕಲ್ಲಿನಲ್ಲಿ ಕಡಲಿನ ಭಯವನ್ನು ಕೆತ್ತಿಸಿದ್ದಾರೆ. ಸ್ತುತಿ ಬೌದ್ಧ ಪರಂಪರೆಯಿಂದ ಬಂದದ್ದಿರಬಹುದು, ಹಾಗೆಯೇ ಇದೆ. ಆದರೆ ಆ ದೇವಿಯನ್ನೇ ಆರಿಸಿಕೊಂಡವರು ಇವರು.

ಇನ್ನು ದ್ವೀಪದ ಮಾತಿಗೆ ಬರುತ್ತೇನೆ. ಸುಮಾತ್ರಾದ ಪಶ್ಚಿಮ ಕರಾವಳಿಯಲ್ಲಿ ಬಾರೂಸ್ ಎಂಬ ಊರಿದೆ. ಅದರ ಬಳಿಯ ಲೋಬು ತುವಾ ಎಂಬಲ್ಲಿ 1873ರಲ್ಲಿ ಒಂದು ಶಾಸನದ ತುಂಡು ದೊರೆಯಿತು. ಶಕ 1010, ಎಂದರೆ ಕ್ರಿ. ಶ. 1088ರದು. ಡಂಬಳದ ಕಲ್ಲಿಗಿಂತ ಕೇವಲ ಏಳು ವರ್ಷ ಹಿರಿದು. ಅದನ್ನು ನೆಟ್ಟವರು ತಮ್ಮನ್ನು ಸಾವಿರ ದಿಕ್ಕುಗಳ ಐನೂರ್ವರೆಂದು ಕರೆದುಕೊಂಡಿದ್ದಾರೆ. ಇದನ್ನು ಓದಿದ ಉತ್ಸಾಹದಲ್ಲಿ ನಾನು ವೃತ್ತಿಯಲ್ಲಿದ್ದಾಗ ಒಂದು ಸಭೆಯಲ್ಲಿ, ಒಂಬೈನೂರು ವರ್ಷಗಳ ಹಿಂದೆ ನಮ್ಮ ಕನ್ನಡಿಗರು ಸುಮಾತ್ರಾ ದ್ವೀಪದಲ್ಲಿ ಶಾಸನ ನೆಟ್ಟರು ಎಂದು ಗಂಟಲೆತ್ತಿ ಹೇಳಿದೆ. ಚಪ್ಪಾಳೆ ಬಿದ್ದವು. ಸಭೆ ಮುಗಿದ ಮೇಲೆ ಹಿರಿಯ ಶಾಸನತಜ್ಞರೊಬ್ಬರು ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು: "ಮಾಸ್ತರ, ಆ ಕಲ್ಲಿನ್ಯಾಗ ಒಂದ ಕನ್ನಡ ಅಕ್ಷರ ತೋರಸ್ರೆಲಾ." ನಾನು ಮೂಲ ಪಾಠವನ್ನು ನೋಡಿರಲಿಲ್ಲ. ಇನ್ನೊಬ್ಬರ ಪುಸ್ತಕದಿಂದ ಎತ್ತಿಕೊಂಡಿದ್ದೆ. ಮನೆಗೆ ಬಂದು ಹುಡುಕಿ ಓದಿದಾಗ ತಿಳಿಯಿತು. ಶಾಸನ ತಮಿಳಿನದು, ಲಿಪಿಯೂ ತಮಿಳು. ನೀಲಕಂಠ ಶಾಸ್ತ್ರಿಗಳು 1932ರಷ್ಟು ಹಿಂದೆಯೇ ಅದರ ಬಗೆಗೆ ಬರೆದಿದ್ದರು. ಆಗ ಚಪ್ಪಾಳೆ ತಟ್ಟಿದವರನ್ನೆಲ್ಲ ಮತ್ತೆ ಕೂಡಿಸಿ ತಪ್ಪೊಪ್ಪಿಕೊಳ್ಳುವ ಉಪಾಯವಿರಲಿಲ್ಲ. ಇಂದು ಈ ಬಾನುಲಿಯ ಮೂಲಕ ಆ ಸಾಲವನ್ನು ತೀರಿಸುತ್ತಿದ್ದೇನೆ.

ಹಾಗಾದರೆ ನಮ್ಮದೇನೂ ಅಲ್ಲಿಗೆ ಹೋಗಲಿಲ್ಲವೇ? ಹೋದದ್ದು ಒಂದು ಹೆಸರು ಮತ್ತು ಒಂದು ಕಟ್ಟಳೆ. ತಮಿಳು ನಾಡಿನ ಐನೂರ್ವರು ತಮ್ಮ ಪ್ರಶಸ್ತಿಗಳಲ್ಲಿ ತಾವು ಅಯ್ಯಪೊೞಿಲ್ ಪರಮೇಶ್ವರಿಯ ಮಕ್ಕಳೆಂದು ಹೇಳಿಕೊಳ್ಳುತ್ತಾರೆ. ಅಯ್ಯಪೊೞಿಲ್ ನಮ್ಮ ಅಯ್ಯಾವೊಳೆಯೇ. ಅವರಲ್ಲಿ ಹಲವರು ಐಹೊಳೆಯನ್ನು ಕಣ್ಣಿನಿಂದ ಕಂಡಿರಲಾರರು. ಆದರೂ ಮಲಪ್ರಭೆಯ ದಂಡೆಯ ಒಂದು ಊರಿನ ದೇವಿ ಅವರಿಗೆ ತಾಯಿಯಾದಳು. ಸಿಂಹಳದಲ್ಲಿಯೂ ಹೀಗೆಯೇ. ಪೊಲೊನ್ನರುವದ ಹನ್ನೆರಡನೆಯ ಶತಮಾನದ ತಮಿಳು ಶಾಸನವೊಂದರಲ್ಲಿ, ಬುದ್ಧನ ದಂತಧಾತುವಿನ ಗುಡಿಯನ್ನು ಕಾಯಲು ಒಪ್ಪಿಕೊಂಡ ವೇಳೈಕ್ಕಾರ ಪಡೆಯವರು ವಳಂಜಿಯರನ್ನು ತಮ್ಮ ಹಿರಿಯರೆಂದು ಕರೆದು ಸಭೆ ಸೇರಿಸಿದ್ದಾರೆ. ವಳಂಜಿಯರು ನಮ್ಮ ಬಣಂಜಿಗ, ಬಣಜಿಗ ಶಬ್ದದ ನೆಂಟರೇ.

ಈ ಹೆಸರು ದಾಟಿದ ಕಾಲ ಎಂಥದೆಂಬುದನ್ನೂ ನೆನೆಯಬೇಕು. ಚಾಲುಕ್ಯರೂ ಚೋಳರೂ ಪರಸ್ಪರ ಊರು ಸುಡುತ್ತಿದ್ದ ಕಾಲವದು. ಅಣ್ಣಿಗೇರಿಯಲ್ಲಿ ಗಂಗ ಬೂತುಗನು ಕಟ್ಟಿಸಿದ್ದ ಜಿನಾಲಯವನ್ನು, ಬೆಳ್ವೊಲದ ಇತರ ಬಸದಿಗಳೊಡನೆ, ಚೋಳ ದೊರೆ ಸುಡಿಸಿದನೆಂದು ಗಾವರವಾಡ ಮತ್ತು ಅಣ್ಣಿಗೇರಿಗಳ 1071–72ರ ಶಾಸನಗಳು ಕಹಿಯಾಗಿ ಹೇಳುತ್ತವೆ. ಅದರ ಜೀರ್ಣೋದ್ಧಾರವಾದುದು ಆ ವರ್ಷಗಳಲ್ಲಿಯೇ. ಇದಾಗಿ ಹದಿನೇಳು ವರ್ಷಕ್ಕೆ ಬಾರೂಸಿನ ಕಲ್ಲು. ಚೋಳರ ಪ್ರಜೆಗಳು ಚಾಲುಕ್ಯರ ಸೀಮೆಯ ಒಂದು ಊರಿನಿಂದ ಹೊರಟ ಕೂಟದ ಹೆಸರನ್ನು ಹೊತ್ತು ಕಡಲಾಚೆ ನಿಂತಿದ್ದರು. ಸುಟ್ಟವರ ಪ್ರಜೆಗಳಿಗೂ ಸುಡಿಸಿಕೊಂಡವರ ಪ್ರಜೆಗಳಿಗೂ ದಾರಿಯಲ್ಲಿ ಒಂದೇ ಸಮಯವಿತ್ತು.

ಬಾರೂಸಿನ ಶಾಸನದಲ್ಲಿ ಪ್ರಶಸ್ತಿಯ ಆಡಂಬರ ಅಷ್ಟಾಗಿ ಇಲ್ಲ. ಅವರು ಆ ಪಟ್ಟಣದಲ್ಲಿ ಸಭೆ ಸೇರಿ ಒಂದು ಕಟ್ಟಳೆ ಮಾಡಿದರು. ಬಂದ ಹಡಗಿನ ನಾಯಕನೂ ಅವನ ಜನರೂ ಕಸ್ತೂರಿಯ ಬೆಲೆಗೆ ಹೊಂದಿಸಿ ಗೊತ್ತಾದ ತೆರಿಗೆಯನ್ನು ಹೊನ್ನಿನಲ್ಲಿ ತೆತ್ತ ಮೇಲೆಯೇ ಹಾಸಿದ ಬಟ್ಟೆಯ ಮೇಲೆ ಕಾಲಿಡಬಹುದು. ಅಷ್ಟೇ. ಆ ಹಾಸಿದ ಬಟ್ಟೆಯನ್ನು ಕಲ್ಪಿಸಿಕೊಂಡಾಗ ಆ ಕಡಲದಂಡೆ ನನಗೆ ಕಣ್ಣಿಗೆ ಕಟ್ಟುತ್ತದೆ. ಅಲ್ಲಿಗೆ ಹೋದವರು ಹೋದ ಗಾಳಿಯಲ್ಲಿಯೇ ಮರಳುವಂತಿರಲಿಲ್ಲ. ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಮಳೆಕಾಡಿನ ಅಂಚಿನಲ್ಲಿ ತಂಗಬೇಕು. ಜ್ವರ, ಜಿಗಣೆ, ಬೇರೆ ನುಡಿ, ಬೇರೆ ಊಟ. ಜೊತೆಗಿರುವವರೇ ಬಂಧುಬಳಗ. 1995ರಿಂದ ಕೆಲವು ವರ್ಷ ಫ್ರೆಂಚ್ ಮತ್ತು ಇಂಡೋನೇಶಿಯಾದ ವಿದ್ವಾಂಸರು ಅಲ್ಲಿ ಉತ್ಖನನ ನಡೆಸಿದಾಗ ಚೀನದ ಪಿಂಗಾಣಿ, ಪಶ್ಚಿಮ ಏಶಿಯಾದ ಗಾಜು, ಭಾರತದ ಮಡಕೆಚೂರುಗಳು ಒಂದೇ ನೆಲದಲ್ಲಿ ಸಿಕ್ಕವು. ಒಂಬತ್ತನೆಯ ಶತಮಾನದ ನಡುಭಾಗದಿಂದ ಇದ್ದ ಆ ನೆಲೆ ಶಾಸನ ನೆಟ್ಟ ಬಹುಕಾಲವಾಗುವ ಮೊದಲೇ ಬರಿದಾಯಿತು.

ಅವರು ಅಷ್ಟು ದೂರ ಹೋದದ್ದು ಮುಖ್ಯವಾಗಿ ಕರ್ಪೂರಕ್ಕೆ. ನಮ್ಮ ಪಚ್ಚಕರ್ಪೂರ ಹುಟ್ಟುವ ಮಹಾವೃಕ್ಷ ಆ ದ್ವೀಪಗಳ ಕಾಡಿನದು. ಮಲಯ ಭಾಷೆಯಲ್ಲಿ ಕರ್ಪೂರಕ್ಕೆ ಇಂದಿಗೂ ಕಾಪುರ್ ಬಾರೂಸ್ ಎನ್ನುತ್ತಾರೆ. ಮರದ ತಿರುಳಿನ ಬಿರುಕುಗಳಲ್ಲಿ ಅದು ಹರಳುಗಟ್ಟಿರುತ್ತದೆ. ಎಲ್ಲ ಮರಗಳಲ್ಲಿ ಇರುವುದಿಲ್ಲ, ಕಡಿದು ಸೀಳಿದ ಮೇಲೆಯೇ ತಿಳಿಯುವುದು. ಮಲಯದ ಕಡೆ ಅದನ್ನು ಅರಸಿ ಕಾಡು ಹೊಕ್ಕವರು ದಿನಬಳಕೆಯ ಮಾತು ಆಡುತ್ತಿರಲಿಲ್ಲವಂತೆ. ಮರದ ದೇವತೆಗೆ ತಿಳಿದು ಕರ್ಪೂರ ಮಾಯವಾದೀತೆಂದು ತಮ್ಮತಮ್ಮಲ್ಲಿ ಬೇರೊಂದು ಗೂಢನುಡಿ ಬಳಸುತ್ತಿದ್ದರು. ಹೀಗೆ ದೊರೆತ ಹರಳು ಹಡಗೇರಿ, ಎತ್ತು ಕತ್ತೆಗಳ ಬೆನ್ನೇರಿ, ಹಸುಬೆಯ ತಳದಲ್ಲಿ ಅಡಗಿ ನಮ್ಮ ನಾಡಿನ ಗರ್ಭಗುಡಿಗಳಿಗೂ ಅರಮನೆಯ ತಾಂಬೂಲಕ್ಕೂ ಬರುತ್ತಿತ್ತು. ಇಂದು ಮಂಗಳಾರತಿಗೆ ಹಚ್ಚುವ ಬಿಲ್ಲೆ ಬಹುಮಟ್ಟಿಗೆ ಕಾರ್ಖಾನೆಯಲ್ಲಿ ಟರ್ಪೆಂಟೈನಿನಿಂದ ತಯಾರಾಗುವುದು. ಅದಕ್ಕೆ ದ್ವೀಪದ ಋಣವಿಲ್ಲ.

ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಐನೂರ್ವರ ಕೂಟ ಸಡಿಲಗೊಂಡಿತು. ಅರಸೊತ್ತಿಗೆಗಳು ಬದಲಾದವು, ಬಂದರುಗಳು ಇತರರ ಕೈ ಸೇರಿದವು. ಬಣಂಜುಧರ್ಮದ ಹೆಸರು ಜಾತಿಯ ಹೆಸರಾಗಿ ಉಳಿಯಿತು. ಯಾವ ಊರಿನವನೂ ಸೇರಬಹುದಾಗಿದ್ದ ಒಂದು ಕೂಟದ ಹೆಸರು ಹುಟ್ಟಿನಿಂದ ಬರುವ ಹೆಸರಾಗಿ ಮುಗಿದದ್ದು ನನಗೆ ವಿಷಾದದ ಸಂಗತಿ.

ಅಂಡಮಾನಿಗೆ ಹೋದ ಹುಡುಗರು ಇಪ್ಪತ್ತು ದಿನದ ಮೇಲೆ ಮರಳಿದರು. ಮುಖ ಕಪ್ಪಾಗಿತ್ತು. ಇಬ್ಬರಿಗೆ ದಾರಿಯಲ್ಲಿ ಜಗಳವಾಗಿ ಎರಡು ದಿನ ಮಾತು ಬಿಟ್ಟಿದ್ದರಂತೆ. ಮೂರನೆಯ ದಿನ ಒಬ್ಬನಿಗೆ ಜ್ವರ ಬಂದಾಗ ಇನ್ನೊಬ್ಬ ಅವನ ಚೀಲವನ್ನೂ ಹೊತ್ತನಂತೆ. ಆಯಿ ಚೀಲಗಳನ್ನು ಅಂಗಳದಲ್ಲಿ ಕೊಡವಿಸಿದರು. ಉಸುಕು ಬಿತ್ತು. ನಾನು ಡಂಬಳದ ಎಂಟು ಭಯಗಳ ಕಥೆ ಹೇಳಿದೆ. ಕೇಳಿ ಸುಮ್ಮನಿದ್ದರು. ಹೊರಡುವಾಗ ಜ್ವರ ಬಂದಿದ್ದ ಹುಡುಗ ಕೇಳಿದ:

"ಸರ್, ಅಣ್ಣಿಗೇರಿಯಿಂದ ಡಂಬಳಕ್ಕ ನಡಕೋತ ಹೋದ್ರ ಎಷ್ಟು ದಿನ ಹಿಡೀತದ?"

ನೆಲ ಒಣಗಿದ್ದರೆ ಎರಡು ದಿನ ಸಾಕು, ಮಳೆಯಾದರೆ ಎರೆ ಹೇಳಿದಂತೆ ಕೇಳಬೇಕು ಎಂದೆ.